ಬಿಟ್ಟಿ ಸಿಕ್ಕ ಬಿಸಿನೆಸ್ ಕ್ಲಾಸು

ಬಿಟ್ಟಿಯಾಗಿ ಬಂದದ್ದನ್ನು ನಂಬದಿರುವುದು ನನ್ನ ಸ್ವಭಾವ. ಹೆಂಡತಿ ಸುಧಾ ಅದನ್ನು ಕಾಯಿಲೆ ಎನ್ನುತ್ತಾಳೆ. ಜೆ.ಪಿ. ನಗರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪಂಪುಗಳ ಬಿಡಿಭಾಗಗಳಲ್ಲಿ ದೋಷ ಹುಡುಕುವುದೇ ನನ್ನ ಕೆಲಸ. ಸಂಬಳ ಕೊಟ್ಟು ಕಲಿಸಿದ ಅನುಮಾನ ಸಂಜೆ ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ತ್ಯಾಗರಾಜನಗರದ ನಮ್ಮ ಬೀದಿಯ ತರಕಾರಿಯವಳು ಕೇಳದೆಯೇ ಒಂದು ಹಿಡಿ ಕರಿಬೇವು ಹಾಕಿದಳೆಂದರೆ, ಚೀಲದ ತಳದ ಟೊಮೆಟೊಗಳನ್ನು ಒಂದೊಂದಾಗಿ ಒತ್ತಿ ನೋಡುತ್ತೇನೆ. ಒಮ್ಮೆ ನನ್ನ ಭಾವಮೈದುನ, “ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ ಭಾವ” ಎಂದದ್ದಕ್ಕೆ, ಅವನ ಕೈಚೀಲದಲ್ಲಿ ಇನ್ಶೂರೆನ್ಸ್ ಫಾರಂ ಇದ್ದೇ ಇದೆ ಎಂದು ಎರಡು ಗಂಟೆ ಅದರ ಮೇಲೇ ಕಣ್ಣಿಟ್ಟು ಕೂತಿದ್ದೆ. ಹೊರಡುವಾಗ ಅವನು ಅದರಿಂದ ಕೋಡುಬಳೆ ತೆಗೆದುಕೊಟ್ಟ.

ಇಂಥ ನನ್ನನ್ನು ಕಂಪನಿ ಒಂದು ಯಂತ್ರ ನೋಡಿಬರಲು ಲಂಡನ್ನಿಗೆ ಕಳಿಸಿತು. ಟಿಕೆಟ್ಟು ವಿಮಾನದ ಹಿಂಭಾಗದ್ದು. ಬೆಳಗ್ಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ, ನನ್ನ ಸೂಟ್‌ಕೇಸು ಮನೆಯ ತಕ್ಕಡಿಯಲ್ಲಿ ತೂಗಿದ್ದಕ್ಕಿಂತ ಇಲ್ಲಿ ಹೆಚ್ಚು ತೂಗಿದ್ದೇಕೆ ಎಂದು ಅಲ್ಲಿದ್ದ ಹುಡುಗಿಯೊಂದಿಗೆ ಅಚ್ಚ ಕನ್ನಡದಲ್ಲಿ ವಾದಿಸಿದೆ. ಅವಳು ನಡುವೆ ಒಮ್ಮೆ ಎದ್ದು ಹೋಗಿ, ಯಾರೊಂದಿಗೋ ಮಾತಾಡಿ ಬಂದು, “ಸಾರ್, ನಿಮ್ಮನ್ನ ಬಿಸಿನೆಸ್ ಕ್ಲಾಸ್‌ಗೆ ಹಾಕಿದೀನಿ. ಎಕ್ಸ್‌ಟ್ರಾ ಏನೂ ಕೊಡೋದು ಬೇಡ” ಎಂದಳು.

“ಯಾಕೆ?”

“ಹಿಂದೆ ಫುಲ್ ಆಗಿದೆ ಸಾರ್.”

“ಅಷ್ಟು ಜನರಲ್ಲಿ ನನ್ನನ್ನೇ ಯಾಕೆ?”

“ಹೋಗಿ ಆರಾಮಾಗಿ ಕೂತ್ಕೊಳ್ಳಿ ಸಾರ್” ಎಂದು ನಕ್ಕಳು. ಆ ನಗುವಿನಲ್ಲಿ ಏನೋ ಇತ್ತು.

ಏನಿತ್ತೆಂದು ವಿಮಾನ ಹತ್ತಿದ ಕೂಡಲೇ ತಿಳಿಯಿತು ಎಂದುಕೊಂಡೆ. ವಿಮಾನ ಕಂಪನಿಯವರ ಜಾಹೀರಾತಿನ ಚಿತ್ರದಲ್ಲಿ ಒಬ್ಬೊಬ್ಬರಿಗೂ ಬಾಗಿಲಿರುವ ಪುಟ್ಟ ಕೋಣೆ, ಹಾಸಿಗೆಯಂತೆ ಮಲಗುವ ಸೀಟು ಇದ್ದವು. ಇಲ್ಲಿ ಜೋಡಿ ಜೋಡಿಯಾಗಿ ಅಗಲವಾದ ಹಳೆಯ ಸೀಟುಗಳು. ಬಟ್ಟೆಯ ನೀಲಿ ಬಣ್ಣ ಬೆನ್ನು ತಾಗುವ ಕಡೆ ಬೂದಿಯಾಗಿತ್ತು. ಕೈ ಇಡುವಲ್ಲಿ ಟೇಪು ಸುತ್ತಿದ್ದರು. ಪಕ್ಕದಲ್ಲೊಂದು ಪುಟ್ಟ ಮುಚ್ಚಳ ಎತ್ತಿದರೆ ಸಿಗರೇಟಿನ ಬೂದಿ ಕೊಡವುವ ಡಬ್ಬಿ. ವಿಮಾನದಲ್ಲಿ ಸಿಗರೇಟು ನಿಂತು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಿ, ವಿಮಾನಕ್ಕೂ ನನಗೂ ಹೆಚ್ಚುಕಡಿಮೆ ಒಂದೇ ಸರ್ವೀಸು ಎಂದು ತೀರ್ಮಾನಿಸಿದೆ. ದುಡ್ಡು ಕೊಟ್ಟವರನ್ನು ಇಲ್ಲಿ ಕೂರಿಸಿದರೆ ಜಗಳವಾಗುತ್ತದೆ, ಬಿಟ್ಟಿ ಬಂದವನು ಬಾಯಿ ಬಿಡುವುದಿಲ್ಲ, ಇದೇ ಅವರ ಉಪಾಯ. ಅನುಮಾನ ನಿಜವಾದಾಗ ಸಿಗುವ ಸುಖವನ್ನು ಯಾವ ಮೆತ್ತನೆ ಸೀಟೂ ಕೊಡಲಾರದು.

ಪಕ್ಕದ ಸೀಟಿನಲ್ಲಿ ರೇಷ್ಮೆ ಸೀರೆ ಉಟ್ಟ ಹಿರಿಯ ಹೆಂಗಸೊಬ್ಬರಿದ್ದರು. ಹೆಸರು ಜಯಮ್ಮ, ಸುದ್ದಗುಂಟೆಪಾಳ್ಯದವರು. ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ಬಾಡಿಗೆ ಮನೆಗಳಂತೆ. ಲಂಡನ್ನಿನಲ್ಲಿರುವ ತಂಗಿಯ ಗೃಹಪ್ರವೇಶಕ್ಕೆ ಮೊದಲ ಸಲ ವಿಮಾನ ಹತ್ತಿದ್ದರು. ಇಷ್ಟನ್ನೂ ನಾನು ಕೇಳದೆಯೇ ಹೇಳಿದರು. ಕೇಳದೆಯೇ ಹೇಳುವವರು ಮುಂದೆ ಏನನ್ನಾದರೂ ಕೇಳುತ್ತಾರೆಂದು ನಾನು ಬಿಗಿಯಾದೆ.

ಕೇಳಿದರು. ವಿಮಾನ ಏರಿ ಒಂದು ಗಂಟೆಯಾದ ಮೇಲೆ ನನ್ನ ಸೀಟು ಕಿರುಗುಟ್ಟುತ್ತ ಹಿಂದಕ್ಕೆ ವಾಲಿತು. ಅವರದು ಅಲುಗಲಿಲ್ಲ. ಗಗನಸಖಿಯರಿಬ್ಬರು ಗುಂಡಿ ಒತ್ತಿ, ಅಲ್ಲಾಡಿಸಿ, ಕ್ಷಮೆ ಕೇಳಿ ಹೋದರು. ಬೇರೆ ಸೀಟು ಖಾಲಿ ಇರಲಿಲ್ಲ.

“ಸಾರ್, ನನ್ ಮಂಡಿ ಆಪರೇಷನ್ ಆಗಿದೆ. ಒಂದರ್ಧ ಗಂಟೆ ಕಾಲು ಚಾಚ್ಕೋತೀನಿ, ಸೀಟು ಬದಲಾಯಿಸ್ಕೊಳ್ಳೋಣ್ವಾ?”

ಅರ್ಧ ಗಂಟೆ ಎಂದು ಕೂತವರು ಲಂಡನ್‌ವರೆಗೂ ಏಳದಿದ್ದರೆ? ಮಂಡಿಯ ಕಥೆ ನಿಜವೆಂದು ಏನು ಗ್ಯಾರಂಟಿ? “ನನಗೂ ಬೆನ್ನುನೋವಮ್ಮ” ಎಂದು ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ. ಅವರು ಮತ್ತೆ ಕೇಳದಿರಲೆಂದು ಊಟ ಬರುವವರೆಗೂ ಮುಚ್ಚಿಕೊಂಡೇ ಇದ್ದೆ. ರೆಪ್ಪೆಯ ಸಂದಿಯಿಂದ ನೋಡಿದಾಗಲೆಲ್ಲ ಅವರು ಮಂಡಿ ಉಜ್ಜಿಕೊಳ್ಳುತ್ತಿದ್ದರು.

ಊಟದ ಹೊತ್ತಿಗೆ ನನ್ನ ಸೀಟು ವಾಲಿದಲ್ಲೇ ಸಿಕ್ಕಿಕೊಂಡಿತು. ಮಲಗಿಯೇ ಸಾರು ಕುಡಿಯುವ ಪ್ರಯತ್ನದಲ್ಲಿ ಅಂಗಿಗೆ ಅಭಿಷೇಕವಾಯಿತು. ಜಯಮ್ಮ ಕುಂಟುತ್ತ ಎದ್ದು ಬಂದು, ಸೀಟಿನ ಬುಡಕ್ಕೆ ಅಂಗೈಯಿಂದ ಎರಡು ಏಟು ಕೊಟ್ಟರು. ಸೀಟು ನೆಟ್ಟಗಾಯಿತು. “ನಮ್ ಬೋರ್‌ವೆಲ್ ಸ್ಟಾರ್ಟರ್‌ಗೂ ಹಿಂಗೇ ಕೊಡ್ಬೇಕು ಸಾರ್” ಎಂದು ತಮ್ಮ ಕರವಸ್ತ್ರವನ್ನೂ ಕೊಟ್ಟರು. ಅವರ ಮಂಡಿಯ ಮೇಲಿಂದ ಸೀರೆ ಸರಿದಾಗ ಉದ್ದನೆಯ ಗಾಯದ ಗುರುತು ಕಂಡಿತು.

“ನಿಮಗೆ ತೊಂದರೆ ಕೊಟ್ಟೆ ಸಾರ್, ಬೇಜಾರ್ ಮಾಡ್ಕೋಬೇಡಿ” ಎಂದರು. “ನಂಗೆ ಇಂಗ್ಲಿಷ್ ಬರಲ್ಲ, ಒಬ್ಳೇ ಹೋಗಕ್ಕೆ ಭಯ. ಪಕ್ಕದಲ್ಲಿ ಯಾರಾದ್ರೂ ಕನ್ನಡದೋರನ್ನ ಕೂರ್ಸಮ್ಮ ಅಂತ ಕೌಂಟರ್ ಹುಡುಗೀನ ಬೇಡ್ಕೊಂಡೆ. ಅವಳು ನಿಮ್ಮನ್ನ ತೋರ್ಸಿ, ‘ಆ ಅಂಕಲ್ ತುಂಬಾ ಮಾತಾಡ್ತಾರೆ ಆಂಟಿ, ನಿಮಗೆ ಬೇಜಾರೇ ಆಗಲ್ಲ’ ಅಂದ್ಲು.”

ನಾನು ಅವರಿಗಾಗಿ ಕೂರಿಸಲ್ಪಟ್ಟವನು, ಕಣ್ಣು ಮುಚ್ಚಿಕೊಂಡು ಬಂದಿದ್ದೆ. ತಕ್ಷಣ ಎದ್ದು ನನ್ನ ಸೀಟು ಬಿಟ್ಟುಕೊಟ್ಟೆ. ಅವರು ಕಾಲು ಚಾಚಿ ಒಂದು ಉಸಿರು ಬಿಟ್ಟರು. ಉಳಿದ ದಾರಿಯುದ್ದಕ್ಕೂ ನಾನು ಮರದ ಹಲಗೆಯಂಥ ಸೀಟಿನಲ್ಲಿ ನೆಟ್ಟಗೆ ಕೂತು, ಅವರು ಎಚ್ಚರವಿದ್ದಾಗಲೆಲ್ಲ ಮಾತಾಡಿದೆ. ಲಂಡನ್ನಿನಲ್ಲಿ ಅಧಿಕಾರಿ ಕೇಳಿದ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ, ಅವರನ್ನು ತಂಗಿಯ ಕೈಗೆ ಒಪ್ಪಿಸುವ ಹೊತ್ತಿಗೆ ನಾನು ಸುಳ್ಳು ಹೇಳಿದ್ದ ಬೆನ್ನುನೋವು ನಿಜವಾಗಿಯೂ ಶುರುವಾಗಿತ್ತು.

ಹೋಟೆಲ್ ಸೇರಿ ಸುಧಾಗೆ ಫೋನ್ ಮಾಡಿದೆ. ಬಿಸಿನೆಸ್ ಕ್ಲಾಸ್ ಸಿಕ್ಕಿದ್ದು, ಒಳ್ಳೆಯ ಸೀಟನ್ನು ಪಕ್ಕದವರಿಗೆ ಬಿಟ್ಟುಕೊಟ್ಟದ್ದು, ದಾರಿಯುದ್ದಕ್ಕೂ ಅವರೊಂದಿಗೆ ಹರಟಿದ್ದು, ಎಲ್ಲವನ್ನೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

“ನೀವು? ಸೀಟು ಬಿಟ್ಟುಕೊಟ್ರಾ?” ಎಂದಳು. “ಯಾರ್ರೀ ಅವರು?”

“ಸುದ್ದಗುಂಟೆಪಾಳ್ಯದವರು, ಜಯಮ್ಮ ಅಂತ.”

“ಎಷ್ಟು ವಯಸ್ಸು?”

“ಎಪ್ಪತ್ತೆರಡು” ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.