ಒಂದು ಬಂಡಿಗೆ ಎಂಟು ಕಾರು

ರಸ್ತೆ ಕೇಳಲು ಹೊರಟವನಿಗೆ ರಸ್ತೆ ಸಿಗುವುದು ತಡವಾಗಬಹುದು. ನಗುವ ಪ್ರಸಂಗಗಳು ಮಾತ್ರ ವಾರಕ್ಕೊಂದರಂತೆ ತಪ್ಪದೆ ಸಿಗುತ್ತವೆ. ಎಂಬತ್ತರ ದಶಕದ ಕೊನೆಯಲ್ಲಿ, ಬಿ.ಎ. ಪದವಿಪತ್ರವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಕೆಲಸವಿಲ್ಲದೆ ಕುಳಿತಿದ್ದ ನನಗೆ ಅವು ಧಾರಾಳವಾಗಿ ಸಿಕ್ಕವು.

ನಮ್ಮೂರು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಿಂದ ಮೂರು ಮೈಲಿ ಒಳಗಿದೆ. ಸಿಂಧನೂರಿನ ಕಡೆ ಕಾಲುವೆ ಇತ್ತು, ಭತ್ತವಿತ್ತು, ಆದ್ದರಿಂದ ಡಾಂಬರೂ ಇತ್ತು. ನಮ್ಮ ಕಡೆ ಜೋಳವಿತ್ತು. ನೀರು ಹರಿದತ್ತಲೇ ಡಾಂಬರೂ ಹರಿಯುತ್ತದೆ ಎಂಬ ಅರ್ಥಶಾಸ್ತ್ರವನ್ನು ಕಾಲೇಜಿನಲ್ಲಿ ಯಾರೂ ನನಗೆ ಕಲಿಸಿರಲಿಲ್ಲ.

ನನ್ನ ತಂಗಿ ಆಗ ಹತ್ತನೆಯ ತರಗತಿಯಲ್ಲಿದ್ದಳು. ಮುಂದಿನ ಓದು ಲಿಂಗಸುಗೂರಿನಲ್ಲಿ. ಅಪ್ಪನ ತೀರ್ಪು ಎರಡೇ ವಾಕ್ಯದ್ದು: "ಊರ ಅಗಸಿ ಬಾಗಿಲಿಗೆ ಬಸ್ ಬಂದ್ರ ಕಾಲೇಜು. ಇಲ್ಲಂದ್ರ ಮದಿವಿ."

೧. ಎರಡು ಕಚೇರಿ

ಮೊದಲು ಬಸ್ಸಿನವರ ಕಚೇರಿಗೆ ಹೋದೆ. "ರಸ್ತಾ ಮಾಡಿಸ್ಕೊಂಡು ಬರ್ರಿ, ಮರುದಿನಾನೇ ಬಸ್ ಬಿಡ್ತೀವಿ" ಎಂದರು. ಅಲ್ಲಿಂದ ರಸ್ತೆಯವರ ಕಚೇರಿಗೆ ಹೋದೆ. "ಬಸ್ಸೇ ಓಡಾಡದ ಹಾದಿಗೆ ರಸ್ತಾ ಯಾಕ ಬೇಕ್ರಿ? ಮೊದಲು ಬಸ್ ತರ್ರಿ" ಎಂದರು.

ಈ ಮಾತನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಅಲ್ಲಿನ ಗುಮಾಸ್ತರನ್ನು ಕೇಳಿದೆ. ಅವರು ಚಹಾದ ಬಸಿಯನ್ನು ಮೇಜಿನ ಮೇಲಿಟ್ಟು ನನ್ನನ್ನು ಕರುಣೆಯಿಂದ ನೋಡಿದರು.

"ಬಾಯಿಲೆ ಹೇಳಿದ್ರ ಅದು ನನ್ನ ಮಾತು, ತಮ್ಮಾ. ಬರದು ಕೊಟ್ರ ಸರ್ಕಾರದ ಮಾತಾಗ್ತದ. ಅಷ್ಟು ದೊಡ್ಡ ಸುಳ್ಳು ಹೇಳಾಕ ನನಗ ಅಧಿಕಾರ ಇಲ್ಲ."

೨. ಸಂಚಾರಯೋಗ್ಯ

ಅಂದಿನಿಂದ ಪ್ರತಿ ಸೋಮವಾರ ರಸ್ತೆಯವರ ಕಚೇರಿಗೆ ಒಂದು ಅರ್ಜಿ ಕೊಟ್ಟೆ. ಪ್ರತಿಯೊಂದರಲ್ಲೂ ಒಂದೇ ಒಕ್ಕಣೆ. ಕೃಪೆ, ದಯೆ, ಅನುಗ್ರಹ ಎಂಬ ಪದಗಳು ಯಾವುದರಲ್ಲೂ ಇರಲಿಲ್ಲ. ಕಾಟ ತಾಳಲಾರದೆ ಇಂಜಿನಿಯರ್ ಸಾಹೇಬರು ಒಂದು ಮಳೆಗಾಲದ ಬೆಳಿಗ್ಗೆ ಸ್ಥಳಪರಿಶೀಲನೆಗೆ ಹೊರಟರು. ಅರ್ಧ ಹಾದಿಯಲ್ಲಿ ಜೀಪು ಎರೆಮಣ್ಣಿನಲ್ಲಿ ಹೂತುಹೋಯಿತು. ಊರಿನ ಅತ್ಯಂತ ಹಳೆಯ ಬಂಡಿಯ ಒಡೆಯನಾದ ಅಜ್ಜನೊಬ್ಬ ತನ್ನ ಜೋಡೆತ್ತು ಕಟ್ಟಿ, ಸಾಹೇಬರನ್ನು ಜೀಪಿನ ಸಮೇತ ಅಗಸೆಯವರೆಗೆ ಎಳೆದು ತಂದ.

ಸಾಹೇಬರು ಜೀಪಿನಿಂದ ಇಳಿಯದೆಯೇ ವರದಿ ಬರೆದರು: "ವಾಹನವು ಗ್ರಾಮವನ್ನು ತಲುಪಿರುತ್ತದೆ. ರಸ್ತೆ ಸಂಚಾರಯೋಗ್ಯವಾಗಿರುತ್ತದೆ."

ನಾನು ಅದನ್ನು ಅಜ್ಜನಿಗೆ ಓದಿ ಹೇಳಿದೆ.

"ಸಾಹೇಬ್ರ, ಊರು ಮುಟ್ಟಿದ್ದು ಜೀಪಲ್ರಿ. ನನ್ನ ಎತ್ತು ಮುಟ್ಟ್ಯಾವ."

"ಎತ್ತಿನ ವಿಷಯ ನಮ್ಮ ಇಲಾಖೆಗೆ ಬರೂದಿಲ್ಲಪ್ಪ."

ಅಜ್ಜ ಹಗ್ಗ ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡ. "ಹಂಗಾರ ಹೋಗೂವಾಗ ನಿಮ್ಮ ಇಲಾಖೆನೇ ಎಳೀಲಿ."

೩. ಕಾಲಂ ಇಲ್ಲದವರು

ಮಧ್ಯಾಹ್ನವೆಲ್ಲ ಅಗಸೆಯ ಕಟ್ಟೆಯ ಮೇಲೆ ಕುಳಿತ ನಂತರ ಸಾಹೇಬರ ಅಭಿಪ್ರಾಯ ಸ್ವಲ್ಪ ಬದಲಾಯಿತು. ರಸ್ತೆ ಕೆಟ್ಟಿದೆ ಎಂದು ಒಪ್ಪಿದರು. ಆದರೆ ಅದರ ಮೇಲೆ ಓಡಾಟವಿದೆ ಎಂಬುದಕ್ಕೆ ಪುರಾವೆ ಬೇಕೆಂದರು. ಸುಗ್ಗಿಯ ಹೊತ್ತಿನಲ್ಲಿ ಏಳು ದಿನಗಳ ವಾಹನ ಎಣಿಕೆ ನಡೆಯಬೇಕು. ಎಣಿಕೆ ಸಾಲದಿದ್ದರೆ ಕಡತ ಶಾಶ್ವತವಾಗಿ ಮುಚ್ಚುತ್ತದೆ. ಎಣಿಸಲು ನನ್ನನ್ನೇ ನೇಮಿಸಿದರು. "ಡಿಗ್ರಿ ಮಾಡ್ಯಾನ, ಮ್ಯಾಲ ಸಿಟ್ಟಿನವ. ಸಿಟ್ಟಿನವರು ಸುಳ್ಳು ಬರಿಯೂದಿಲ್ಲ" ಎಂಬುದು ಅವರು ಕೊಟ್ಟ ಕಾರಣ.

ನಮ್ಮೂರ ಹಾದಿ ಹೆದ್ದಾರಿಗೆ ಸೇರುವ ಕೂಟಿನಲ್ಲಿ ಜಾಲಿ ಮರದ ಕೆಳಗೆ ಹಾಳೆ ಹಿಡಿದು ಕುಳಿತೆ. ಮೊದಲ ದಿನ ಕಾರು ಇಲ್ಲ, ಲಾರಿ ಇಲ್ಲ, ಬಸ್ಸಂತೂ ಇಲ್ಲವೇ ಇಲ್ಲ. ಮಸ್ಕಿಗೆ ಹೊರಟಿದ್ದ ನಮ್ಮೋಣಿಯ ಹೆಂಗಸೊಬ್ಬಳು ತಲೆಯ ಮೇಲಿನ ಬುಟ್ಟಿಯೊಡನೆ ನನ್ನ ಮುಂದೆ ನಿಂತಳು.

"ನನ್ನ ಬರಕೊಂಡ್ಯಾ, ತಮ್ಮಾ?"

"ಇಲ್ಲಬೇ ಯಕ್ಕಾ. ನಡಿಯೋರಿಗೆ ಕಾಲಂ ಇಲ್ಲ."

"ಇಪ್ಪತ್ತು ವರ್ಷದಿಂದ ಈ ಹಾದಿ ತುಳ್ಯಾಕತ್ತೀನಿ. ನನಗ ಕಾಲಂ ಇಲ್ಲ?"

"ಸೈಕಲ್ಲಿಗೆ ಐತಿ."

ಮರುದಿನ ಬೆಳಿಗ್ಗೆ ಅವಳು ಬಂದಳು; ಹಿಂದೆ ಓಣಿಯ ಹೆಂಗಸರೆಲ್ಲ ಬಂದರು. ಪ್ರತಿಯೊಬ್ಬಳ ಕೈಯಲ್ಲೂ ಗಂಡನ ಸೈಕಲ್ಲು, ಕ್ಯಾರಿಯರ್ ಮೇಲೆ ಬುಟ್ಟಿ. ಒಬ್ಬಳಿಗೂ ಹತ್ತಲು ಬರುತ್ತಿರಲಿಲ್ಲ. ಎಲ್ಲರೂ ತಳ್ಳಿಕೊಂಡೇ ಬಂದಿದ್ದರು. ನಾನು ನಮೂನೆಯನ್ನು ಎಚ್ಚರಿಕೆಯಿಂದ ಓದಿದೆ. ಸೈಕಲ್ಲಿನ ಮೇಲೆ ಕುಳಿತಿರಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಅಷ್ಟನ್ನೂ ಬರೆದುಕೊಂಡೆ.

ಗಂಡಂದಿರು ಅವರ ಹಿಂದೆ ಬರಿಗೈಯಲ್ಲಿ ನಡೆದು ಬರುತ್ತಿದ್ದರು. ಅವರಿಗೆ ಕಾಲಂ ಇರಲಿಲ್ಲ.

೪. ಹಾಳೆಯ ಹಿಂಬದಿ

ಆದರೂ ಎಣಿಕೆ ಬಡವಾಗಿಯೇ ಇತ್ತು, ಏಕೆಂದರೆ ಊರಿನ ಬಂಡಿಗಳು ರಸ್ತೆಗೆ ಬರುತ್ತಲೇ ಇರಲಿಲ್ಲ. ಕುಯ್ದ ಹೊಲಗಳ ನಡುವೆ ಹಾಯ್ದು, ಕೂಟಿನಿಂದ ದೂರದಲ್ಲಿ ಹೆದ್ದಾರಿ ಸೇರುತ್ತಿದ್ದವು. ರಸ್ತೆಯಲ್ಲಿ ಬರಬಾರದೇ ಎಂದು ಅಜ್ಜನನ್ನು ಕೇಳಿದೆ.

"ರಸ್ತೇಲೆ ಬಂದ್ರ ಅಚ್ಚು ಮುರೀತೈತಿ. ರಸ್ತಾ ಸರ್ಕಾರದ್ದು, ಅಚ್ಚು ನನ್ನದು."

ಆ ಸಂಜೆ ತಂಗಿ ನನ್ನ ಹಾಳೆ ತೆಗೆದುಕೊಂಡು ನೋಡಿದಳು. ಪದವೀಧರನಾದ ನಾನು ಅದರ ಮುಂಬದಿಯನ್ನಷ್ಟೇ ಮೂರು ಸಲ ಓದಿದ್ದೆ. ಹತ್ತನೆಯ ತರಗತಿಯವಳು ತಿರುಗಿಸಿ ಓದಿದಳು. ಹಿಂಬದಿಯಲ್ಲಿ ಸಣ್ಣಕ್ಷರದ ಪಟ್ಟಿಯೊಂದಿತ್ತು: ಯಾವ ವಾಹನವನ್ನು ಎಷ್ಟೆಂದು ಹಿಡಿಯಬೇಕು ಎಂಬುದರ ಪಟ್ಟಿ. ಸೈಕಲ್ಲು ಅರ್ಧ. ಕಾರು, ಜೀಪು ಒಂದು. ದೊಡ್ಡ ಎತ್ತಿನ ಬಂಡಿ ಎಂಟು.

"ಏನಣ್ಣಾ, ಇಷ್ಟು ದಿನ ಏನು ಓದೀ ನೀ?" ಎಂದು ಕೇಳಿ ಅವಳು ಹಾಳೆಯೊಡನೆ ನೇರವಾಗಿ ಅಜ್ಜನ ಮನೆಗೆ ಹೋದಳು. ನಾನು ಹಿಂದೆ ಹೋದೆ.

ಅಜ್ಜ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. "ಅಂದ್ರ, ಸಾಹೇಬ್ರ ಜೀಪಿನಂಥವು ಎಂಟು ಸಾಲಾಗಿ ನಿಂತ್ರ ನನ್ನ ಒಂದು ಬಂಡಿಗೆ ಬರಾಬರಿ?"

"ಹೌದಜ್ಜ. ಸರ್ಕಾರನೇ ಅಚ್ಚು ಹಾಕ್ಸೈತಿ."

ಅಜ್ಜ ಮೀಸೆಯ ಮೇಲೆ ಕೈ ಆಡಿಸಿದ. "ಅಚ್ಚು ಮುರದ್ರ ಮುರೀಲಿ, ಮಗಳ. ಎಂಟು ಜೀಪಿನ ಮಾಲಕ ಹೊಲದಾಗ ಹಾಯ್ದ್ರ ಚಂದ ಕಾಣೂದಿಲ್ಲ."

೫. ಅಡ್ಡ

ಮೂರನೆಯ ದಿನದಿಂದ ಜೋಳದ ಬಂಡಿ, ಹತ್ತಿಯ ಬಂಡಿ, ಮೇವಿನ ಕಣಿಕೆಯ ಬಂಡಿಗಳೆಲ್ಲವೂ ರಸ್ತೆಗೆ ಇಳಿದವು. ಕೆಲಸವಿಲ್ಲದೆ ಒಂದು ಬಂಡಿಯೂ ಬರಕೂಡದು, ಲೆಕ್ಕಕ್ಕಾಗಿ ಯಾವುದೂ ಎರಡು ಸಲ ಸುತ್ತಕೂಡದು ಎಂದು ಮೊದಲೇ ಹೇಳಿದ್ದೆ, ಯಾರೂ ಮೀರಲಿಲ್ಲ. ನಮಗೆ ಸುಳ್ಳಿನ ಅಗತ್ಯವೇ ಬೀಳಲಿಲ್ಲ. ಆರನೆಯ ದಿನದ ಮೊತ್ತವನ್ನು ಕಂಡು ಸಾಹೇಬರು ಏಳನೆಯ ದಿನ ಖುದ್ದಾಗಿ ತಪಾಸಣೆಗೆ ಬಂದರು. ಜೀಪು ಕೂಟು ದಾಟಿ ಒಳಗೆ ಬಂದದ್ದೇ ತಡ, ಊರ ಕಡೆ ಮರಳುತ್ತಿದ್ದ ಬಂಡಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತು. ಹಾರ್ನ್ ಹೊಡೆದರು. ಯಾರೂ ಸರಿಯಲಿಲ್ಲ. ಸಾಹೇಬರು ಇಳಿದು ನಡೆದು ಸಾಲಿನ ಮೊದಲ ಬಂಡಿಯ ಬಳಿ ಬಂದರು. ನಾನೂ ಹಾಳೆ ಹಿಡಿದು ಜೊತೆಗಿದ್ದೆ. ಅದು ಅಜ್ಜನ ಬಂಡಿ.

"ಸರಿಸಪ್ಪ ಬಂಡಿ!"

"ಎಂಟಕ್ಕ ಒಂದು ಹಾದಿ ಬಿಡಬೇಕೋ, ಒಂದಕ್ಕ ಎಂಟು ಬಿಡಬೇಕೋ, ನೀವೇ ಹೇಳ್ರಿ ಸಾಹೇಬ್ರ."

ಸಾಹೇಬರ ಮುಖ ಕೆಂಪಾಯಿತು. "ಅದು ನಿನಗ ಕೊಟ್ಟ ಮರ್ಯಾದಿ ಅಲ್ಲೋ! ಬಂಡಿ ನಿಧಾನ ಹೋಗ್ತದ, ಎಲ್ಲಾರಿಗೂ ಅಡ್ಡ ಆಗ್ತದ. ಅದಕ್ಕ ಎಂಟು ಹಿಡೀತಾರ!"

ಅಜ್ಜ ಹಗ್ಗ ಎಳೆದು ಎತ್ತು ನಿಲ್ಲಿಸಿದ. ಹಿಂದಿನ ಬಂಡಿಗಳೂ ಒಂದೊಂದಾಗಿ ನಿಂತವು.

"ಅಡ್ಡ ನಿಂತ್ರ ಲೆಕ್ಕಕ್ಕ ಬರ್ತೀವಿ ಅಂತ ಮೊದಲೇ ಹೇಳಬಾರದೇನ್ರಿ? ಇಷ್ಟು ವರ್ಷ ಸುಮ್ಮನ ಸರದು ನಿಂತಿದ್ವಿ."

ಸಾಹೇಬರು ನನ್ನ ಕೈಯಿಂದ ಹಾಳೆ ಕಿತ್ತುಕೊಂಡು, ಬಂಡಿಯ ಮೂಕಿಯ ಮೇಲಿಟ್ಟು ರುಜು ಹಾಕಿದರು. ಅಪ್ಪಟ ಹಸಿರು ಶಾಯಿಯಲ್ಲಿ.

೬. ಕಿಟಕಿ

ಹಾಳೆ ಎಲ್ಲೆಲ್ಲಿ ಸುತ್ತಿತೋ, ರಸ್ತೆಯಾಗಲು ಒಂದು ವರ್ಷ ದಾಟಿತು. ಹತ್ತನೆಯದು ಪಾಸಾದ ತಂಗಿ ಆ ವರ್ಷವೆಲ್ಲ ಮನೆಯಲ್ಲಿದ್ದಳು. ಗಂಡಿನ ಕಡೆಯವರು ಎರಡು ಸಲ ಬಂದರು. ಎರಡೂ ಸಲ ಅವಳು ಕೇಳಿದ್ದು ಒಂದೇ ಮಾತು: "ಕೂಟಿನಿಂದ ಹೆಂಗ ಬಂದ್ರಿ?" "ನಡಕೊಂತ ಬಂದ್ವಿ." "ಹಂಗೇ ಹೋಗ್ರಿ."

ಕೊನೆಗೆ ಬಸ್ಸು ಬಂತು. ಮೊದಲ ದಿನ ಬೆಳಿಗ್ಗೆ ತಂಗಿ ಪುಸ್ತಕದ ಚೀಲ ಹಿಡಿದು ಅಗಸೆಗೆ ಹೋಗುವಷ್ಟರಲ್ಲಿ ಊರಿಗೆ ಊರೇ ಒಳಗೆ ತುಂಬಿತ್ತು. ಲಿಂಗಸುಗೂರಿನಲ್ಲಿ ಒಬ್ಬರಿಗೂ ಕೆಲಸವಿರಲಿಲ್ಲ. ಕಂಡಕ್ಟರ್ ಬಾಗಿಲಿಗೆ ಅಡ್ಡ ಕೈ ಹಿಡಿದು, "ಜಾಗ ಇಲ್ಲ ನೋಡವಾ, ನಾಳೆ ಬಾ" ಎಂದರು. ತಂಗಿ ಆ ಕೈಯನ್ನು ಸರಿಸಿ ಹತ್ತಿದಳು. ನಾನು ಮೆಟ್ಟಿಲ ಮೇಲೆ ಜೋತುಬಿದ್ದೆ. ಡ್ರೈವರ್ ಹಿಂದಿನ ಸೀಟಿನಲ್ಲಿ, ಕಿಟಕಿಯ ಪಕ್ಕ, ತಲೆಗೆ ಹೊಸ ಪಟಗ ಸುತ್ತಿಕೊಂಡು ಅಪ್ಪ ಕುಳಿತಿದ್ದ. ನಸುಕಿನಲ್ಲೇ ಬಂದು ಕುಳಿತಿದ್ದನಂತೆ.

"ಅಪ್ಪಾ, ಏಳು."

"ಯಾಕವಾ?"

"ಕಾಲೇಜಿಗೆ ಹೋಗೋಳು ನಾನು. ನಿನಗೇನು ಕೆಲಸ ಐತಿ ಅಲ್ಲಿ?"

ಬಸ್ಸು ಹೊರಟಿತು. ಅಪ್ಪ ಮಗಳನ್ನು ನೋಡಿದ, ಕಿಟಕಿಯ ಸರಳನ್ನು ಇನ್ನೊಮ್ಮೆ ಗಟ್ಟಿಯಾಗಿ ಹಿಡಿದ, ಹೊರಗೆ ಹಿಂದಕ್ಕೆ ಸರಿಯತೊಡಗಿದ್ದ ನಮ್ಮದೇ ಹೊಲವನ್ನು ಮೊದಲ ಸಲ ಕಂಡವನಂತೆ ನೋಡಿದ.

"ಹಂಗಾರ ನನ್ನ ಹೆಸರೂ ಹಚ್ಚಿಸಿಬಿಡವಾ ಕಾಲೇಜಿಗೆ. ಕಿಟಕಿ ಬಿಟ್ಟು ಮಾತ್ರ ನಾ ಏಳಂಗಿಲ್ಲ."