ದೀಪವಿಲ್ಲದ ಸೈಕಲ್ಲಿನ ವಾರಂಟು

ಕೆಲವರಿಗೆ ದೆವ್ವದ ಭಯ, ಕೆಲವರಿಗೆ ಹೆಂಡತಿಯ ಭಯ. ನನಗೆ ಸರ್ಕಾರಿ ಮೊಹರಿನ ಭಯ. ನೇರಳೆ ಬಣ್ಣದ ಗುಂಡು ಮೊಹರು ಬಿದ್ದ ಕಾಗದ ಕಂಡರೆ ಸಾಕು, ಅದು ನನಗೆ ಬಡ್ತಿ ಕೊಡುವ ಆದೇಶವೇ ಆಗಿದ್ದರೂ ಅಂಗೈ ಬೆವರುತ್ತದೆ. ಇಂಥ ನಾನು ಎಂಬತ್ತರ ದಶಕದ ಆರಂಭದಲ್ಲಿ ಆರು ತಿಂಗಳು ತಲೆಮರೆಸಿಕೊಂಡ ಆರೋಪಿಯಾಗಿದ್ದೆ ಎಂದರೆ ನನ್ನ ಶಿಷ್ಯರು ಯಾರೂ ನಂಬುವುದಿಲ್ಲ. ಆ ಅಪರಾಧಕ್ಕೆಲ್ಲ ಮೂಲ ಬಿಸಿ ಬೋಂಡ.

ಆಗ ನಾನು ತುರುವೇಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ಹೆಂಡತಿ ಸುಶೀಲಳನ್ನು ಚೊಚ್ಚಲ ಹೆರಿಗೆಗೆಂದು ಏಳನೇ ತಿಂಗಳಲ್ಲಿ ತಿಪಟೂರಿನ ತವರಿಗೆ ಬಿಡಲು ಹೋಗಿದ್ದೆ. ಸಂಜೆ ಅವಳಿಗೆ ಬಸ್ ಸ್ಟ್ಯಾಂಡಿನ ಬೋಂಡ ತಿನ್ನುವ ಬಯಕೆಯಾಯಿತು. ಮಾವನವರ ಸೈಕಲ್ಲು ಹತ್ತಿ ಹೊರಟೆ. ಅದಕ್ಕೆ ಬೆಲ್ಲಿತ್ತು, ಸ್ಟ್ಯಾಂಡಿತ್ತು, ದೀಪವಿರಲಿಲ್ಲ. ಪೊಟ್ಟಣ ಹಿಡಿದು ವಾಪಸಾಗುವಾಗ ದಪ್ಪ ಮೀಸೆಯ ಪೇದೆಯೊಬ್ಬ ಕೈ ಅಡ್ಡ ಹಿಡಿದು, ದೀಪ ಎಲ್ಲಿ ಎಂದು ಕೇಳಿದ. ಇನ್ನೂ ಬೆಳಕಿದೆಯಲ್ಲ ಎಂದೆ. ಸೂರ್ಯ ಮುಳುಗಿದ ಎಂದ. ಸೂರ್ಯ ಮುಳುಗಿದ ಮೇಲೂ ಆಕಾಶದಲ್ಲಿ ಬೆಳಕು ಏಕಿರುತ್ತದೆ ಎಂದು ನಾನು ವಿವರಿಸತೊಡಗಿದೆ. ಆ ಪಾಠವನ್ನು ಒಂಬತ್ತನೇ ತರಗತಿಗೆ ಆ ವಾರವಷ್ಟೇ ಮಾಡಿ ಮುಗಿಸಿದ್ದೆ. ಅವನು ಪಾಪ ಪೂರ್ತಿ ಕೇಳಿ, "ಮೇಷ್ಟ್ರು ಅಂತ ಕಾಣ್ತದೆ. ತಪ್ಪಾಯ್ತು ಅಂದುಬುಡಿ, ಹೋಗ್ರಿ. ಬೋಂಡ ಆರೋಯ್ತದೆ" ಎಂದ. ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ವಿಳಾಸ ಕೇಳಿದಾಗ ಅಳಿಯನ ಗತ್ತಿನಲ್ಲಿ ಮಾವನ ಮನೆಯದನ್ನೇ ಬರೆಸಿ ಬಂದೆ.

ಎರಡು ವಾರಕ್ಕೆ ಕೋರ್ಟಿನ ಸಮನ್ಸು ಮಾವನ ಮನೆಗೆ ಬಂತು. ಸುಶೀಲ ಅದನ್ನು ತನ್ನ ಕಾಗದದ ಜೊತೆ ಲಕೋಟೆಗೆ ಹಾಕಿ ನನಗೆ ಕಳಿಸಿದಳು. ಮೊಹರು ನೋಡಿ ಬೆವರುತ್ತಾ ಕೂತಿದ್ದ ನನ್ನನ್ನು ಕಂಡು ಮನೆ ಮಾಲೀಕ ರಂಗಪ್ಪನವರು ಒಂದು ಉಪಾಯ ಹೇಳಿದರು. ಅವರದು ತೆಂಗಿನ ಬೇಸಾಯ. ನನ್ನ ಬಾಡಿಗೆ ಕೋಣೆಯ ನೆತ್ತಿಯ ಮೇಲೆಯೇ ಅವರ ಕಾಯಿ ತುಂಬಿದ ಅಟ್ಟ. ಸುಲಿಯದ ಕಾಯಿಯನ್ನು ಅಲ್ಲಿ ಸುರಿದು ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನೇ ಇಂಗಿ ಕಾಯಿ ಕೊಬ್ಬರಿಯಾಗುತ್ತದೆ. ಈ ಸೀಮೆಯವರಿಗೆ ಜಗತ್ತಿನ ಎಲ್ಲ ತಾಪತ್ರಯಕ್ಕೂ ಅದೇ ಮದ್ದು. "ಅಟ್ಟಕ್ಕಾಕಿ ಮೇಷ್ಟ್ರೇ. ಮುಟ್ಟಿದ್ರೆ ಕೆಡ್ತದೆ, ಬುಟ್ರೆ ಒಣಗ್ತದೆ" ಎಂದರು. ನಾನೂ ಏಣಿ ಹತ್ತಿ ಸಮನ್ಸನ್ನು ಕಾಯಿಗಳ ನಡುವೆ ಇಟ್ಟು ಬಂದೆ.

ಅದು ಒಣಗಲಿಲ್ಲ, ಮೊಳೆಯಿತು. ವಾಯಿದೆಯ ದಿನ ನಾನು ಹೋಗದಿದ್ದಕ್ಕೆ ವಾರಂಟು ಹೊರಟಿತು. 'ಪೊಲೀಸಿನವರು ಬಂದಿದ್ದರು, ನಿಮ್ಮನ್ನು ಹಿಡಿದು ಕೋರ್ಟಿಗೆ ಒಪ್ಪಿಸಬೇಕಂತೆ' ಎಂದು ಸುಶೀಲ ಬರೆದಳು. ನಾನು ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವ ಶಾಮಣ್ಣನ ಬಳಿಗೆ ಓಡಿ, ನನ್ನ ಸ್ನೇಹಿತನೊಬ್ಬನಿಗೆ ಹೀಗಾಗಿದೆ ಎಂದೆ. "ಬರೀ ಜುಲ್ಮಾನೆ ಕೇಸು ತಾನೇ? ಅದಕ್ಕೆ ಕಾಲಮಿತಿ ಆರೇ ತಿಂಗಳು" ಎಂದು ಅವನು ಶುರು ಮಾಡಿದ. ಆರು ತಿಂಗಳು ಎಂಬುದು ಕಿವಿಗೆ ಬಿದ್ದದ್ದೇ ತಡ, ಮುಂದಿನದನ್ನು ಕೇಳುವ ವ್ಯವಧಾನವಿಲ್ಲದೆ ಎದ್ದು ಬಂದೆ. ಅಲ್ಲಿಯವರೆಗೆ ತಿಪಟೂರಿಗೆ ಕಾಲಿಡದಿದ್ದರೆ ಆಯಿತು.

ತಿಪಟೂರು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆ ಒಂದು ಗಂಟೆಯ ಆಚೆ ನನಗೆ ಮಗಳು ಹುಟ್ಟಿದಳು. ಶಾಲೆಯಲ್ಲಿ ಪರೀಕ್ಷೆ ಇದೆ ಎಂದು ಬರೆದೆ, ಇನ್‌ಸ್ಪೆಕ್ಷನ್ ಇದೆ ಎಂದು ಬರೆದೆ, ಜ್ವರ ಎಂದೂ ಬರೆದೆ. ಅಪ್ಪ ಬರಲಿ ಎಂದು ಅವರು ನಾಮಕರಣವನ್ನು ಮುಂದಕ್ಕೆ ಹಾಕಿದರು. ಮಗುವಿಗೆ ಹೆಸರೇ ಇಲ್ಲದೆ ಪಾಪು ಎಂದೇ ಕಾಗದಗಳಲ್ಲಿ ಬೆಳೆಯುತ್ತಿತ್ತು. ಪಾಪು ಕತ್ತು ನಿಲ್ಲಿಸಿತು, ಪಾಪು ನಕ್ಕಿತು. ಇತ್ತ ನಾನು ಕಿಟಕಿಯ ಅಂಚಿನಲ್ಲಿ ಸುಶೀಲ ಬಿಟ್ಟು ಹೋಗಿದ್ದ ಹೇರ್‌ಪಿನ್ನನ್ನು ತೆಗೆಯದೆ ಅದರ ಸುತ್ತ ಗುಡಿಸುತ್ತಿದ್ದೆ. ಒಬ್ಬನಿಗೆ ಅನ್ನಕ್ಕಿಡಲು ಬಾರದೆ ದಿನವೂ ಇಬ್ಬರಿಗಾಗುವಷ್ಟು ಮಾಡಿ, ರಾತ್ರಿಯೂ ಅದನ್ನೇ ಉಣ್ಣುತ್ತಿದ್ದೆ. ಅವಳಿಲ್ಲದೆ ನನಗೆ ಯಾವುದೂ ಬೇಕಿರಲಿಲ್ಲ. ಒಂದು ಭಾನುವಾರ ಏನಾದರಾಗಲಿ ಎಂದು ಬಸ್ಸು ಹತ್ತಿದೆ. ತಿಪಟೂರಿನ ಸ್ಟ್ಯಾಂಡಿನಲ್ಲಿ ಅದೇ ದಪ್ಪ ಮೀಸೆಯವನು ನಿಂತು, ಇಳಿಯುವವರ ಮುಖಗಳನ್ನೆಲ್ಲ ನೋಡುತ್ತಿದ್ದ. ಮಗುವಿಗೆಂದು ಕೊಂಡಿದ್ದ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದು ಸೀಟಿನಲ್ಲೇ ಕೂತೆ. ಅದೇ ಬಸ್ಸಿನಲ್ಲಿ ವಾಪಸು ಬಂದೆ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ.

ಕೊನೆಗೂ ಆರು ತಿಂಗಳು ತುಂಬಿತು. ಸಿಹಿ ಕೊಡಲು ಶಾಮಣ್ಣನ ಬಳಿ ಹೋದರೆ, ಅವನು ಲಾಡು ಬಾಯಿಗೆ ಹಾಕಿಕೊಂಡು ಉಳಿದ ಅರ್ಧ ಹೇಳಿದ. "ಆರು ತಿಂಗಳ ವಾಯಿದೆ ಅವರು ಕೇಸು ಹಾಕೋಕೆ ಕಣ್ರೀ. ಅವರು ಹದಿನೈದೇ ದಿನಕ್ಕೆ ಹಾಕಿದ್ರಲ್ಲ. ವಾರಂಟಿಗೆ ವಯಸ್ಸಾಗಕ್ಕಿಲ್ಲ. ಹಿಡಿಯೋ ತಂಕ, ಇಲ್ಲ ಜಡ್ಜು ರದ್ದು ಮಾಡೋ ತಂಕ ಅದು ಜೀವಂತ. ನಿಮ್ಮ ಸ್ನೇಹಿತರು ತಾವೇ ಹೋಗಿ ನಿಂತ್ಕೊಂಡಿದ್ರೆ ಅವತ್ತೇ ಮುಗೀತಿತ್ತು."

ಮಾರನೆಯ ದಿನವೇ ಹೋಗಿ ನಿಂತುಕೊಂಡೆ. ತಪ್ಪಾಯ್ತು ಎಂದೆ. ನ್ಯಾಯಾಧೀಶರು ತಲೆ ಎತ್ತಿಯೂ ನೋಡಲಿಲ್ಲ. ವಾರಂಟು ರದ್ದು, ಹತ್ತು ರೂಪಾಯಿ ಜುಲ್ಮಾನೆ. ಎಲ್ಲ ಸೇರಿ ಬೋಂಡ ಕರಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಅಲ್ಲಿಂದ ಮಾವನ ಮನೆಗೆ ಓಡಿದೆ. ಸುಶೀಲ ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಮಗಳು ನನ್ನ ಮುಖ ನೋಡಿ, ಯೋಚಿಸಿ, ಅತ್ತಳು. ತಂದಿದ್ದ ಟೋಪಿ ಅವಳ ತಲೆಗೆ ಚಿಕ್ಕದಾಗಿತ್ತು.

"ವಾರಂಟ್ ಇತ್ತಲ್ಲ ಕಣೇ, ಅದಕ್ಕೇ ಬರಲಿಲ್ಲ" ಎಂದೆ.

"ಗೊತ್ತು" ಎಂದಳು. "ಪಾಪು ಹುಟ್ಟಿದ ಹತ್ತನೇ ದಿನ ಆ ದಪ್ಪ ಮೀಸೆ ಪೊಲೀಸಿನವರು ಇನ್ನೊಂದ್ಸಲ ಬಂದಿದ್ರು. ತುರುವೇಕೆರೆ ವಿಳಾಸ ನಾನೇ ಬರೆದುಕೊಟ್ಟೆ. ಹಿಡ್ಕೊಂಡಾದ್ರೂ ಬರ್ಲಿ ಅಂತ."

ನಾನು ಬೆಚ್ಚಿ, ಮತ್ತೆ ಅವನೇಕೆ ಬರಲಿಲ್ಲ ಎಂದು ಕೇಳಿದೆ.

"ಚೀಟಿ ವಾಪಸ್ ಕೊಟ್ಬುಟ್ರು. 'ಅಷ್ಟು ದೂರ ಯಾಕ್ ಹೋಗ್ಲಿ ತಾಯಿ, ಮಗು ನೋಡೋಕೆ ಮೇಷ್ಟ್ರು ಇವತ್ತೋ ನಾಳೆಯೋ ಬಂದೇ ಬತ್ತಾರೆ, ಬಸ್ ಸ್ಟ್ಯಾಂಡಲ್ಲೇ ಹಿಡಿತೀನಿ' ಅಂದ್ರು."

ನನ್ನನ್ನು ಅಷ್ಟು ಒಳ್ಳೆಯ ಗಂಡನೆಂದು ನಂಬಿದ್ದವನು ಇಡೀ ತಿಪಟೂರಿನಲ್ಲಿ ಅವನೊಬ್ಬನೇ. ಅವನನ್ನೂ ನಾನು ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕಾಯಿಸಿದೆ.