ಟ್ರೇಲರ್ ಬ್ರೇಕಿಗೆ ಮೋಹಿನಿಯ ಕೈ

ನೀವು ಏನೇ ಹೇಳಿ, ಲೋಕದಲ್ಲಿ ಎಣ್ಣೆ ಅಗ್ಗವಾದರೆ ಮನೆಯಲ್ಲಿ ಗಂಡನೂ ಅಗ್ಗವಾಗುತ್ತಾನೆ. ಎರಡು ಸಾವಿರದ ಹದಿನಾರರಲ್ಲಿ ನನಗೆ ಆದದ್ದು ಅದೇ. ಹದಿನೇಳು ವರ್ಷ ಪರ್ಚೇಸ್ ವಿಭಾಗವನ್ನು ಏಕಚಕ್ರಾಧಿಪತಿಯಾಗಿ ಆಳಿದ ನನ್ನನ್ನು ಒಮಾನಿನ ಖುರುಮಿನಲ್ಲಿದ್ದ ಎಣ್ಣೆ ಕಂಪೆನಿ ಒಂದು ಕಾಗದ ಕೊಟ್ಟು ಬೀಳ್ಕೊಟ್ಟಿತು. ತಿಂಗಳೊಳಗೆ ಬೇರೆ ಕೆಲಸ ಸಿಗದಿದ್ದರೆ ವೀಸಾ ಖಲಾಸ್. ಮಗಳು ನಿಶ್ಮಿತಾಳ ಹತ್ತನೇ ತರಗತಿಯ ನಡುವೆಯೇ ಗಂಟುಮೂಟೆ ಕಟ್ಟಬೇಕು.

ಆಗ ನೆನಪಾದವರು ವಾದಿ ಅದಾಯ್‌ನಲ್ಲಿ ಗ್ಯಾರೇಜ್ ಇಟ್ಟಿರುವ ಉಳ್ಳಾಲದ ಮಮ್ಮದ್. ಅವರಲ್ಲಿದ್ದ ಇಲೆಕ್ಟ್ರಿಷಿಯನ್ ಒಬ್ಬ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ದೋಣಿ ಹೊರುವ ಟ್ರೇಲರಿನ ಕರೆಂಟ್ ಬ್ರೇಕನ್ನು ಪಿಕಪ್ಪಿನ ಒಳಗಿನಿಂದಲೇ ಹಿಡಿತದಲ್ಲಿಡುವ ಪೆಟ್ಟಿಗೆಯೊಂದಿದೆ. ನಾನು ಕೆಲಸ ಕೇಳಲು ಹೋದಾಗ, ಅದರ ವಯರಿಂಗ್ ಬರುತ್ತದೋ ಎಂದು ವಿಚಾರಿಸಿದರು.

“ಅದೆಲ್ಲ ಎಡಗೈಯಲ್ಲೇ ಮಾಡಿಬಿಡ್ತೇನೆ ಸಾಹೇಬ್ರೆ!” ಎಂದೆ. (ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುಗಿಸುವಾಗ ಶಾಕ್ ಹೊಡೆದದ್ದೂ ಅದೇ ಎಡಗೈಗೆ.)

“ಹಾಗಾದ್ರೆ ಶನಿವಾರದೊಳಗೆ ಮಾಡಿ ತನ್ನಿ. ಸರಿಯಾದ್ರೆ ಕೆಲಸ ನಿಮ್ಮದೇ” ಎಂದು ಪಿಕಪ್ಪನ್ನೂ ಪೆಟ್ಟಿಗೆಯನ್ನೂ ಒಪ್ಪಿಸಿದರು.

ದಾರ್ಸೈಟಿನ ನಮ್ಮ ಕಟ್ಟಡದ ಕೆಳಗೆ ಪಿಕಪ್ ನಿಲ್ಲಿಸಿ, ನಾಲ್ಕು ಬಣ್ಣದ ವಯರುಗಳನ್ನು ಹಿಡಿದು ಧ್ಯಾನಸ್ಥನಾದೆ. ಹೆಂಡತಿ ಮೋಹಿನಿ ಇಳಿದು ಬಂದಳು.

“ಎಂತ ಮಾರಾಯ್ರೆ, ಅರ್ಧ ಗಂಟೆಯಿಂದ ಹಾಗೇ ಕೂತಿದ್ದೀರಿ?”

“ಯೋಚಿಸ್ತಾ ಇದ್ದೇನೆ. ಕೆಂಪು ಬ್ಯಾಟರಿಗೆ ಅಲ್ವಾ?”

“ಪೆಟ್ಟಿಗೆಯ ಜೊತೆ ಬಂದ ಪುಸ್ತಕ ಓದಿದ್ರಾ?”

“ಇಂಥದ್ದಕ್ಕೆಲ್ಲ ಗಂಡಸರಿಗೆ ಪುಸ್ತಕ ಬೇಕಾ?”

“ಹಾಗಾದ್ರೆ ಆಚೆ ಸರಿಯಿರಿ. ಕಪ್ಪು ಬ್ಯಾಟರಿಗೆ, ಬಿಳಿ ಅರ್ತಿಂಗಿಗೆ, ನೀಲಿ ಹಿಂದೆ ಟ್ರೇಲರಿಗೆ. ಕೆಂಪು ಬ್ರೇಕ್ ಪೆಡಲಿನ ಸ್ವಿಚ್ಚಿಗೆ. ನೀವು ಪೆಡಲ್ ತುಳಿಯಿರಿ.”

ತುಳಿದೆ. ಅವಳ ಕೈಯ ಟೆಸ್ಟರ್ ಉರಿಯಿತು. ಬಿಟ್ಟೆ, ಆರಿತು. “ಹಾಂ, ಇದೇ” ಎಂದಳು.

ಮೋಹಿನಿಯ ಅಪ್ಪ ಮೂಲ್ಕಿಯಲ್ಲಿ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವವರು. ಇವಳು ತಾಮ್ರದ ತಂತಿಯ ಸುರುಳಿಗಳ ನಡುವೆಯೇ ಬೆಳೆದವಳು. ಬ್ಯಾಟರಿ ಕಳಚಿಟ್ಟು, ಸ್ಟೀರಿಂಗಿನ ಅಡಿಗೆ ನುಗ್ಗಿ, ಒಂದೊಂದು ಜೋಡಣೆಗೂ ಬೆಸುಗೆ ಹಾಕಿ, ಟೇಪು ಸುತ್ತಿ, ವಯರುಗಳನ್ನು ಮಗಳ ಜಡೆ ಹೆಣೆದಷ್ಟೇ ಅಚ್ಚುಕಟ್ಟಾಗಿ ಹಿಂದಿನವರೆಗೂ ಒಯ್ದಳು. ನಿಜ ಹೇಳುತ್ತೇನೆ, ಹದಿನೆಂಟು ವರ್ಷದ ದಾಂಪತ್ಯದಲ್ಲಿ ನಾನು ಅವಳನ್ನು ಅಷ್ಟು ಬೆರಗಿನಿಂದ ನೋಡಿದ್ದಿಲ್ಲ. ಆದರೆ ಬಾಯಿಬಿಟ್ಟು ಹೇಳಿದ್ದು “ಪರವಾಗಿಲ್ಲ” ಎಂದಷ್ಟೇ. ಗಂಡನ ಗೌರವ ಎಂಬುದೊಂದು ಇದೆಯಲ್ಲ!

ಈ ಮಹಾಕಾರ್ಯದಲ್ಲಿ ನನ್ನದೂ ಅಳಿಲು ಸೇವೆ ಇರಲೆಂದು ಶನಿವಾರ ಬೆಳಿಗ್ಗೆ ವಾಹನಪೂಜೆ ಮಾಡಿದೆ. ಗಂಧ, ಕುಂಕುಮ ಎಲ್ಲ ಆಯಿತು. ಮಲ್ಲಿಗೆ ಕಟ್ಟಲು ಬ್ರೇಕಿನ ಪೆಟ್ಟಿಗೆಯಲ್ಲಿ ಇದ್ದದ್ದು ಒಂದೇ ಪುಟ್ಟ ಹಿಡಿಕೆ. ತಿರುವಿನಲ್ಲಿ ಹೂ ಬೀಳದಿರಲೆಂದು ಹಿಡಿಕೆಯನ್ನು ಎಳೆದು, ಹೂವಿನ ದಾರದಿಂದಲೇ ಏಸಿಯ ಕಿಂಡಿಗೆ ಬಿಗಿಯಾಗಿ ಕಟ್ಟಿದೆ.

ಗ್ಯಾರೇಜಿನಲ್ಲಿ ಟ್ರೇಲರ್ ಸಿಕ್ಕಿಸಿದರು. ದೋಣಿಯ ಒಮಾನಿ ಯಜಮಾನ “ಯಲ್ಲಾ” ಎಂದು ಹೊರಡಲು ಕೈ ಬೀಸಿದ. ನಾನು ಪಿಕಪ್ ಮುಂದಕ್ಕೆ ಬಿಟ್ಟೆ. ಟ್ರೇಲರಿನ ಚಕ್ರ ಕಿರ್ರೆಂದು ಕಿರುಚಿತೇ ಹೊರತು ಉರುಳಲಿಲ್ಲ.

“ಎಂತ ಪ್ರೇಮಣ್ಣ, ಇದು ನಡೆಯುವುದೇ ಇಲ್ಲವಲ್ಲ?” ಎಂದರು ಮಮ್ಮದ್.

“ನನ್ನ ತಪ್ಪಲ್ಲ ಸಾಹೇಬ್ರೆ! ವಯರಿಂಗ್ ಪೂರಾ ಹೆಂಡತಿ ಮಾಡಿದ್ದು. ನಾನು ಪೆಡಲ್ ತುಳಿದದ್ದು ಮಾತ್ರ!” ಎಂದುಬಿಟ್ಟೆ.

ಮಮ್ಮದ್ ಒಳಗೆ ಇಣುಕಿದರು. “ಈ ಹಿಡಿಕೆ ಎಳೆದ್ರೆ ಟ್ರೇಲರಿಗೆ ಮಾತ್ರ ಬ್ರೇಕ್ ಬೀಳುವುದು. ಇದಕ್ಕೆ ಹೂ ಕಟ್ಟಿದ್ದು ಯಾರು?”

“ಅದು... ನಾನೇ.”

ಹೂ ಬಿಚ್ಚಿದರು. ಟ್ರೇಲರ್ ಹಸುವಿನಂತೆ ಹಿಂದೆ ಬಂತು. ಪೆಡಲ್ ತುಳಿದ ಕೂಡಲೇ ನಿಂತಿತು. ಮಮ್ಮದ್ ಟಾರ್ಚ್ ಹಿಡಿದು ಒಂದೊಂದೇ ಬೆಸುಗೆ ನೋಡುತ್ತ ಬಂದರು.

“ಇಷ್ಟು ನೀಟ್ ಕೆಲಸ ನಾನು ಇಪ್ಪತ್ತು ವರ್ಷದಲ್ಲಿ ನೋಡ್ಲಿಲ್ಲ. ನಾಳೆ ಅಕ್ಕನನ್ನು ಕರ್ಕೊಂಡು ಬನ್ನಿ. ಕೆಲಸ ಅವರಿಗೆ.”

“ಮತ್ತೆ ನಾನು?”

ಮಮ್ಮದ್ ಗಡ್ಡ ಸವರಿಕೊಂಡರು. “ಅವರಿಗೂ ಪೆಡಲ್ ತುಳಿಯಲಿಕ್ಕೆ ಒಬ್ಬರು ಬೇಕಲ್ವಾ?”

ನಾವು ಊರಿಗೆ ಹೋಗಲಿಲ್ಲ. ನಿಶ್ಮಿತಾ ಅದೇ ಶಾಲೆಯಲ್ಲಿ ಪರೀಕ್ಷೆ ಬರೆದಳು. ಹೊಸ ಲೇಬರ್ ಕಾರ್ಡಿನಲ್ಲಿ ನನ್ನ ಹುದ್ದೆ ‘ಹೆಲ್ಪರ್’ ಎಂದಿದೆ. ಮದುವೆಯಾದಂದಿನಿಂದ ಮನೆಯಲ್ಲಿ ಇದ್ದ ಹುದ್ದೆಯೇ. ಸರಕಾರದ ಮುದ್ರೆ ಬಿದ್ದದ್ದು ಮಾತ್ರ ಈಗ.